ಲೂರ್ದು ಸಿಸ್ಟರೂ ಗುರುಮಲ್ಲಮ್ಮನ ಹಣೆಯೂ

ಲೂರ್ದು ಸಿಸ್ಟರಿಗೆ ಕೂತು ಕಾಫಿ ಕುಡಿಯಲು ಬರುವುದಿಲ್ಲ ಎನ್ನುವುದನ್ನು ಗುಂಡ್ಲುಪೇಟೆಯ ಆ ಸಣ್ಣ ಕಾನ್ವೆಂಟಿನಲ್ಲಿ ಎಲ್ಲರೂ ಎಂದೋ ಒಪ್ಪಿಕೊಂಡುಬಿಟ್ಟಿದ್ದಾರೆ. ಲೋಟ ಹಿಡಿದು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಸ್ಕೂಟಿಯ ಬಳಿಗೆ ಓಡಾಡುತ್ತಲೇ ಕುಡಿದು ಮುಗಿಸುತ್ತಾಳೆ. ಖಾಲಿ ಲೋಟ ಆಮೇಲೆ ನುಗ್ಗೆಮರದ ಬುಡದಲ್ಲೋ, ಮೇರಿಮಾತೆಯ ಗವಿಯ ಮೆಟ್ಟಿಲ ಮೇಲೋ ಸಿಗುತ್ತದೆ. "ಲೂರ್ದೂ, ಮಾತೆ ಕಾಫಿ ಕುಡಿಯಲ್ಲ ಮೋಳೇ," ಎಂದು ಆ ಮನೆಗೆ ಹಿರಿಯರಾದ ಮದರ್ ರೋಸಿಲಿ ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಮಗಳನ್ನು ಕರೆಯುವಂತೆ ಹೇಳಿ, ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಈಗ ಅವಳಿಗೆ ನಲವತ್ತಾರು. ಹುಟ್ಟಿದ್ದು ಇದೇ ಚಾಮರಾಜನಗರ ಜಿಲ್ಲೆಯ ಮಾರ್ಟಳ್ಳಿ ಕಡೆಯ ಒಂದು ಊರಿನಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಚರ್ಚಿನಲ್ಲಿ ಎರಡೂ. ಅಪ್ಪ ಸವರಿಯಪ್ಪ, ಅವ್ವ ಫಿಲೋಮಿನಮ್ಮ ಇಬ್ಬರೂ ಕೂಲಿ ಮಾಡಿ ಬದುಕಿದವರು. ದೈವಕರೆ ಎಂದರೆ ಆಕಾಶದಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆ ಎಂದುಕೊಂಡವರಿಗೆ ಲೂರ್ದು ಉಗುರಿನ ಕಥೆ ಹೇಳುತ್ತಾಳೆ. ಅವಳಿಗೆ ಹದಿನೇಳಾಗಿದ್ದಾಗ ಊರಿಗೆ ಬಂದ ಒಬ್ಬ ಸಿಸ್ಟರು, ಹಾಸಿಗೆ ಹಿಡಿದಿದ್ದ ಅವಳ ಅಜ್ಜಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕೊಂಬಿನಂತೆ ಬೆಳೆದಿದ್ದ ಉಗುರುಗಳನ್ನು ಒಂದೊಂದಾಗಿ ಕತ್ತರಿಸಿದರಂತೆ. ಕತ್ತರಿಸುತ್ತ ಅಜ್ಜಿಯನ್ನು ಮದುವೆಯ ಕಾಲದ ಸಂಗತಿ ಕೇಳಿದರಂತೆ. ಅಜ್ಜಿ ನಕ್ಕಳಂತೆ. ಮನೆಯವರು ಯಾರೂ ಆ ನಗು ಕೇಳಿ ಎರಡು ವರ್ಷವಾಗಿತ್ತು. "ಅಷ್ಟೇ. ನಾನೂ ಇದನ್ನೇ ಮಾಡ್ತೀನಿ ಅಂದೆ, ಹೊರಟೆ," ಎನ್ನುತ್ತಾಳೆ ಲೂರ್ದು. ಕಥೆಯನ್ನೂ ನಿಂತೇ ಹೇಳುತ್ತಾಳೆ.

ವ್ರತ ತೆಗೆದುಕೊಂಡು ಇಪ್ಪತ್ತನಾಲ್ಕು ವರ್ಷವಾಯಿತು. ನರ್ಸಿಂಗ್ ಕಲಿತಳು. ತೆರಕಣಾಂಬಿ ಸುತ್ತಿನ ಐದಾರು ಊರುಗಳಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಮೈ ಒರೆಸಿ, ಹುಣ್ಣು ತೊಳೆದು ಮದ್ದು ಕಟ್ಟಿ, ಉಣಿಸಿ ಬರುವುದು ಅವಳ ಕೆಲಸ. ಒಟ್ಟು ಹದಿನಾಲ್ಕು ಮನೆ. ಆ ಮನೆಗಳಲ್ಲಿ ಒಂದೂ ಕ್ರೈಸ್ತರದಲ್ಲ. ಜನ ಅವಳನ್ನು ಸ್ಕೂಟಿ ಸಿಸ್ಟರು ಎನ್ನುತ್ತಾರೆ.

ಅವಳಿಗೆ ಒಂದು ಅಭ್ಯಾಸವಿದೆ. ಮೈಸೂರಿನಲ್ಲಿ ತರಬೇತಿಯಲ್ಲಿದ್ದಾಗ ಹುಡುಗಿಯರನ್ನು ತಿದ್ದುತ್ತಿದ್ದ ಮುದಿ ಸಿಸ್ಟರೊಬ್ಬರು ಕಲಿಸಿದ್ದು. ಯಾರ ಮನೆಗೇ ಹೋಗಲಿ, ಬಾಗಿಲ ಚೌಕಟ್ಟಿಗೆ ಬಲಗೈ ಇಟ್ಟು, 'ಒಳಗಿರುವುದು ಯೇಸುಸ್ವಾಮಿ' ಎಂದು ಮನಸ್ಸಿನಲ್ಲೇ ಹೇಳಿಕೊಂಡು ಒಳಗೆ ಕಾಲಿಡಬೇಕು. ಹೇಳಿಕೊಂಡರೆ ನಾತ ಸಹಿಸಬಹುದು, ಬೈಗುಳ ಸಹಿಸಬಹುದು. ಕುಡಿದು ಕುಡಿದು ಲಿವರ್ ಕಳೆದುಕೊಂಡಿದ್ದ ರಂಗನಾಯಕ ಎಂಬುವನು ಒಂದು ಗಂಟೆ ಬಿಡುವಿಲ್ಲದೆ ಅವಳಿಗೆ ಬೈದ ದಿನ, ಕಾನ್ವೆಂಟಿಗೆ ಬಂದು, "ಯೇಸುಸ್ವಾಮಿಗೆ ಇಷ್ಟೊಂದು ಕೆಟ್ಟ ಮಾತು ಬರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ ಮದರ್," ಎಂದು ಎಲ್ಲರನ್ನೂ ನಗಿಸಿದ್ದಳು. ಇಪ್ಪತ್ತನಾಲ್ಕು ವರ್ಷ ಆ ಮಾತು ಅವಳ ಕೈಬಿಟ್ಟಿರಲಿಲ್ಲ.

ಕೈಬಿಟ್ಟಿದ್ದು ಗುರುಮಲ್ಲಮ್ಮನ ಬಾಗಿಲಲ್ಲಿ.

ಗುರುಮಲ್ಲಮ್ಮನ ಮನೆ ತೆರಕಣಾಂಬಿಯಲ್ಲಿ, ಬಸ್ ನಿಲ್ಲುವ ಜಾಗದಿಂದ ಎರಡನೇ ಬೀದಿ. ಲಿಂಗಾಯತರ ಮನೆ. ಅಜ್ಜಿಗೆ ಎಪ್ಪತ್ತೆಂಟು, ಹಳೆಯ ಸಕ್ಕರೆ ಕಾಯಿಲೆ. ದೀಪಾವಳಿ ಮುಗಿದ ಮೇಲೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಗ ಮಲ್ಲಿಕಾರ್ಜುನಸ್ವಾಮಿ ತರಕಾರಿ ಗಾಡಿ ಓಡಿಸಿಕೊಂಡು ಕೇರಳದ ಕಡೆ ಹೋದರೆ ಬರುವುದು ಎರಡು ಮೂರು ದಿನಕ್ಕೆ. ಸೊಸೆ ಶಿವರಂಜಿನಿ ಪಕ್ಕದೂರಿನ ಅಂಗನವಾಡಿಯಲ್ಲಿ ಟೀಚರು. ಬೆಳಿಗ್ಗೆ ಅತ್ತೆಯ ಬಾಯಿ ತೊಳೆಸಿ, ತಿಂಡಿ ಮಾತ್ರೆ ಕೊಟ್ಟು ಹೋದರೆ ಮನೆ ಸೇರುವುದು ನಾಲ್ಕೂವರೆಗೆ. ಮಧ್ಯಾಹ್ನದ ಊಟ ಮಂಗಳವಾರ, ಗುರುವಾರ, ಶನಿವಾರ ಎದುರುಮನೆಯ ಮಾದಮ್ಮ ಉಣಿಸುತ್ತಾಳೆ. ಸೋಮವಾರ, ಬುಧವಾರ, ಶುಕ್ರವಾರ ಮಾದಮ್ಮ ಅರಿಶಿನ ಕೀಳುವ ಕೂಲಿಗೆ ಹೋಗುತ್ತಾಳೆ, ಲೂರ್ದು ಬರುತ್ತಾಳೆ. ಲೂರ್ದು ಬಂದ ದಿನ ಅಜ್ಜಿಗೆ ಬಿಸಿನೀರಲ್ಲಿ ಮೈ ಒರೆಸಿ, ಸೀರೆ ಬದಲಿಸಿ, ಬೆನ್ನಿಗೆ ಪೌಡರು ಹಾಕಿ, ಹಾಸಿಗೆ ತಿರುವಿ, ಆಮೇಲೆ ರಾಗಿ ಗಂಜಿಯ ಬಟ್ಟಲು ಹಿಡಿದು ಕೂರುವುದು. ಅಲ್ಲ, ಕೂರುವುದೆಲ್ಲಿ, ಮಂಚದ ಪಕ್ಕ ಬಗ್ಗಿ ನಿಲ್ಲುವುದು.

ಗುರುಮಲ್ಲಮ್ಮ ಬಾಯಿ ಬಿಡಲಿಲ್ಲ. ಮೊದಲ ದಿನ ಬಿಡಲಿಲ್ಲ, ಎರಡನೇ ದಿನ ಬಿಡಲಿಲ್ಲ. ಚಮಚ ತುಟಿಗೆ ತಾಗಿದರೆ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಬಲವಂತ ಮಾಡಿದರೆ ಸ್ವಾಧೀನವಿದ್ದ ಎಡಗೈಯಿಂದ ಚಮಚವನ್ನು ತಳ್ಳಿ, ಬೆರಳು ಚಾಚಿ ಬಾಗಿಲು ತೋರಿಸುತ್ತಿದ್ದಳು. ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು. ಹೊರಟು ಹೋಗು ಎನ್ನುವುದಕ್ಕೆ ಮಾತೇ ಬೇಕೆ? ಲೂರ್ದುವಿಗೆ ಅರ್ಥವಾಯಿತು.

ಒಂದು ಸೋಮವಾರ, ಕುಡುಗೋಲು ಬುತ್ತಿ ಹಿಡಿದು ಹೊರಟಿದ್ದ ಮಾದಮ್ಮನನ್ನು ಬೀದಿಯಲ್ಲೇ ತಡೆದು ಕೇಳಿದಳು. "ನಿಮ್ಮ ಕೈಲಿ ಅಜ್ಜಿ ಉಣ್ತಾರಾ ಮಾದಮ್ಮ?"

"ಉಣ್ತದೆ ಕಣವ್ವ. ಅರ್ದ ಮುದ್ದೆ ಕಿವುಚಿ ಕೊಟ್ರೆ ಗುಳುಂ ಅಂತ ನುಂಗ್ತದೆ. ಯಾಕವ್ವಾ, ನಿಮ್ಗೆ ಮೊಂಡಾಟ ಮಾಡ್ತದಾ?"

ಲೂರ್ದು ಏನೂ ಇಲ್ಲ ಎಂದು ನಕ್ಕಳು. ಮೈಯೆಲ್ಲ ಉರಿದುಹೋಯಿತು. ಮಾದಮ್ಮ ಅವರ ಜಾತಿಯವಳಲ್ಲ, ಅದು ಲೂರ್ದುವಿಗೆ ಗೊತ್ತಿತ್ತು. ಅಂದರೆ ಅಜ್ಜಿಗೆ ಬೇರೆಯವರ ಕೈಯೆಲ್ಲ ಆಗುತ್ತದೆ, ಆಗದಿರುವುದು ಕುತ್ತಿಗೆಯಲ್ಲಿ ಶಿಲುಬೆ ಕಟ್ಟಿಕೊಂಡ ತನ್ನ ಕೈ ಮಾತ್ರ.

ಈ ಉರಿಯ ಬೇರು ಹಳೆಯದು. ಅವಳು ಎಂಟು ವರ್ಷದವಳಿದ್ದಾಗ ಅವ್ವನ ಜೊತೆ ಕಳೆ ಕೀಳಲು ಹೋಗುತ್ತಿದ್ದ ಒಂದು ಮನೆಯಲ್ಲಿ, ಅವರಿಬ್ಬರ ಲೋಟಗಳು ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿನಲ್ಲಿರುತ್ತಿದ್ದವು. ಕಾಫಿ ಮೇಲಿನಿಂದ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿಡಬೇಕು. ಕಾಫಿಯನ್ನು ಕೂತು ಕುಡಿಯುವ ರೂಢಿ ಅವಳಿಗೆ ಬರದೇ ಇದ್ದದ್ದು ಅಲ್ಲಿಂದ ಇರಬೇಕು. ಶಿವರಂಜಿನಿ ಮನೆಯಲ್ಲಿದ್ದ ಒಂದು ದಿನ ನೀಲಿ ಹೂವಿನ ಲೋಟದಲ್ಲಿ ಕಾಫಿ ಕೊಟ್ಟಿದ್ದಳು. ಇನ್ನೊಂದು ದಿನವೂ ಅದೇ ನೀಲಿ ಹೂವಿನ ಲೋಟ. ಮನೆಯವರದೆಲ್ಲ ಸ್ಟೀಲು. ಲೂರ್ದುವಿನ ಕಣ್ಣು ಇದನ್ನೆಲ್ಲ ಬಿಡುವುದಿಲ್ಲ.

ದಿನಾ ಸಂಜೆ ಪ್ರಾರ್ಥನೆಯಾದ ಮೇಲೆ ಆತ್ಮಶೋಧನೆಯ ಪುಸ್ತಕದಲ್ಲಿ ಒಂದೆರಡು ಸಾಲು ಬರೆಯುವುದು ಕಾನ್ವೆಂಟಿನ ಸಿಸ್ಟರುಗಳ ಪದ್ಧತಿ. ಲೂರ್ದು ವಾರಕ್ಕೆ ಮೂರು ದಿನ ಒಂದೇ ಸಾಲು ಬರೆದಳು. 'ಗುರುಮಲ್ಲಮ್ಮ ಇವತ್ತೂ ನನ್ನ ಕೈಯಿಂದ ತಿನ್ನಲಿಲ್ಲ. ಸಹಿಸಿದೆ.' ಹನ್ನೊಂದು ವಾರ ಹೀಗೆ ಬರೆದಳು. ಬರೆಯುವಾಗ ಒಂದು ಬಗೆಯ ಸಮಾಧಾನವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಅವಮಾನವನ್ನು ಪ್ರಭುವಿನ ಪ್ರೀತಿಗಾಗಿ ನುಂಗಿಕೊಂಡವಳು ತಾನು ಎಂಬ ಸಮಾಧಾನ. ಆದರೆ ಬಾಗಿಲ ಚೌಕಟ್ಟಿಗೆ ಕೈ ಇಟ್ಟರೆ 'ಒಳಗಿರುವುದು' ಎನ್ನುವಷ್ಟು ಮಾತ್ರ ಬರುತ್ತಿತ್ತು, ಮುಂದಿನದು ನಾಲಿಗೆಗೆ ಹತ್ತುತ್ತಿರಲಿಲ್ಲ. ಆಗ ಸುಮ್ಮನೆ ಒಳಗೆ ನುಗ್ಗಿ, ಇನ್ನೂ ಬಿರುಸಾಗಿ ಕೆಲಸ ಮಾಡಿ, ಗಂಜಿ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು ಹೊರಟುಬಿಡುತ್ತಿದ್ದಳು.

ಶಿವರಾತ್ರಿ ಹತ್ತಿರವಿದ್ದ ಒಂದು ಶುಕ್ರವಾರ ಹಾಗೆಯೇ ಮುಚ್ಚಿಟ್ಟು ಹೊರಟಳು. ನಾಲ್ಕೂವರೆಗೆ ಶಿವರಂಜಿನಿ ಬಂದು ನೋಡಿದರೆ ಅಜ್ಜಿ ಬೆವರಿನಲ್ಲಿ ತೊಯ್ದು, ಕಣ್ಣು ಮೇಲಾಗಿ ಬಿದ್ದಿದ್ದಳು. ಸಕ್ಕರೆ ಮಾತ್ರೆ ಹೊಟ್ಟೆಯಲ್ಲಿತ್ತು, ಅನ್ನ ಇರಲಿಲ್ಲ. ಆಟೋ ಮಾಡಿಕೊಂಡು ಗುಂಡ್ಲುಪೇಟೆಗೆ ಒಯ್ದು ಗ್ಲೂಕೋಸ್ ಏರಿಸಿದ ಮೇಲೆ ಜೀವ ಮರಳಿತು. ಡಾಕ್ಟರು ಮತ್ತೆ ಹೀಗಾದರೆ ಉಳಿಯುವುದು ಕಷ್ಟ ಎಂದರು.

ಸುದ್ದಿ ತಿಳಿದು ಲೂರ್ದು ಆಸ್ಪತ್ರೆಗೆ ಓಡಿದಳು. ಶಿವರಂಜಿನಿ ವರಾಂಡದಲ್ಲಿ ನಿಂತಿದ್ದಳು, ಮುಖ ಇಳಿದುಹೋಗಿತ್ತು. ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಉಜ್ಜುತ್ತ ಹೇಳಿದಳು. "ಸಿಸ್ಟರೇ, ನೀವಿನ್ನು ಬರಾದ್ ಬ್ಯಾಡ ಬುಡಿ. ನಿಮ್ಗೂ ಕಷ್ಟ, ಅತ್ತೆಗೂ ಕಷ್ಟ. ನಾನೇ ಕೆಲ್ಸ ಬುಟ್ಬುಡ್ತೀನಿ."

"ನನ್ನಿಂದ ಏನಾದ್ರೂ ತಪ್ಪಾಯ್ತಾ ಶಿವರಂಜಿನಿ?"

ಶಿವರಂಜಿನಿ ಒಂದು ಗಳಿಗೆ ಅವಳ ಮುಖ ನೋಡಿದಳು. ಏನೋ ಹೇಳಬೇಕೆಂದಿದ್ದವಳು ನುಂಗಿಕೊಂಡಳು. "ಅಂಗೇನಿಲ್ಲ," ಎಂದು ಒಳಗೆ ಹೋದಳು.

ಅಂದಿನಿಂದ ಲೂರ್ದು ನಿಂತಲ್ಲಿ ನಿಲ್ಲಲಿಲ್ಲ. ಬೇರೆ ಮನೆಗಳಿಗೆ ಹೋಗಿ ಬಂದಳು, ಕಾನ್ವೆಂಟಿನ ನೀರಿನ ಟ್ಯಾಂಕು ತೊಳೆದಳು, ಚೆನ್ನಾಗಿಯೇ ಇದ್ದ ಪರದೆಗಳನ್ನು ಬಿಚ್ಚಿ ಒಗೆದಳು. ಆ ಹುಡುಗಿ ಕಷ್ಟಪಟ್ಟು ಪಡೆದ ಕೆಲಸ ಬಿಡುತ್ತಾಳೆ. ಬಿಡದಿದ್ದರೆ ಅಜ್ಜಿ ಸಾಯುತ್ತಾಳೆ. ಎರಡಕ್ಕೂ ಕಾರಣ ಆ ಮುದುಕಿಯ ಹಟ. ಹಾಗೆಂದುಕೊಂಡ ಕೂಡಲೇ ಇನ್ನೊಂದು ಯೋಚನೆ ಹಿಂದೆಯೇ ಬರುತ್ತಿತ್ತು: ಬಟ್ಟಲು ಮುಚ್ಚಿಟ್ಟು ಹೊರಟವಳು ನಾನು. ಮಾತ್ರೆ ನುಂಗಿದವರು ಉಣ್ಣದಿದ್ದರೆ ಏನಾಗುತ್ತದೆ ಎಂದು ಕಲಿತವಳೂ ನಾನೇ. ಅರ್ಧ ಗಂಟೆ ಯಾಕೆ ಕಾಯಲಿಲ್ಲ? ಮಾದಮ್ಮನಿಗೆ ಯಾಕೆ ಫೋನು ಮಾಡಲಿಲ್ಲ? ಸಿಟ್ಟಿನಲ್ಲಿ ಹೊರಟಿದ್ದೆ, ಅದಕ್ಕೆ.

ಅಜ್ಜಿಯನ್ನು ಸೋಮವಾರ ಮನೆಗೆ ಕರೆತಂದರೆಂದು ತಿಳಿಯಿತು. ಶಿವರಂಜಿನಿ ಎರಡು ದಿನ ರಜೆ ಹಾಕಿದ್ದಳು.

ಮಂಗಳವಾರ ಸಂಜೆ ಕಾನ್ವೆಂಟಿನ ಹಿತ್ತಿಲಿನಲ್ಲಿ ಬೂದಿ ಮಾಡುವ ಕೆಲಸ. ಮಾರನೆಯ ದಿನ ವಿಭೂತಿ ಬುಧವಾರ, ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ದಿನ. ಹಿಂದಿನ ವರ್ಷ ಗರಿಗಳ ಹಬ್ಬದಂದು ಮನೆಮನೆಗೆ ಒಯ್ದಿದ್ದ ತೆಂಗಿನ ಗರಿಗಳನ್ನು ಜನ ಚರ್ಚಿಗೆ ತಂದುಕೊಡುತ್ತಾರೆ. ಅವನ್ನು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಫಾದರಿಗೆ ಕೊಡುವುದು ಕಾನ್ವೆಂಟಿನ ಪಾಲಿನ ಕೆಲಸ. ಲೂರ್ದು ಹಳೆಯ ಬಾಣಲೆಯಲ್ಲಿ ಗರಿ ಉರಿಸುತ್ತಿದ್ದಳು. ಮದರ್ ರೋಸಿಲಿ ಮೋಟು ಸ್ಟೂಲಿನ ಮೇಲೆ ಕೂತು ಗರಿ ಮುರಿದುಕೊಡುತ್ತಿದ್ದರು.

"ಮದರ್, ತೆರಕಣಾಂಬಿಯ ಆ ಮನೆ ನನ್ನ ಕೈಲಿ ಆಗಲ್ಲ," ಎಂದಳು ಲೂರ್ದು. "ಅವರೇ ಬೇಡ ಅಂದಿದ್ದಾರೆ. ನೀವೂ ಬೇಡ ಅಂದುಬಿಡಿ."

ಮದರ್ ಮತ್ತೊಂದು ಗರಿ ಮುರಿದರು. "ಹದಿನಾಲ್ಕು ಮನೆಯಲ್ಲಿ ಯೇಸು ಇದ್ದ. ಈಗ ಹದಿಮೂರರಲ್ಲಿ ಮಾತ್ರವಾ?"

"ಹದಿನಾಲ್ಕನೆಯದರಲ್ಲಿ ನಾನು ಹುಡುಕಿದೆ ಮದರ್. ಹನ್ನೊಂದು ವಾರ ಹುಡುಕಿದೆ. ಅಲ್ಲಿರೋದು ನನ್ನನ್ನ ಕಂಡ್ರೆ ಆಗದ ಒಬ್ಬ ಮುದುಕಿ ಅಷ್ಟೇ." ಹೊಗೆ ಕಣ್ಣಿಗೆ ಹೋಯಿತು. ಹೊಗೆಗೂ ಸ್ವಲ್ಪ ಮೊದಲೇ ಕಣ್ಣಲ್ಲಿ ನೀರಿತ್ತು. "ನನಗೆ ಅವರ ಮೇಲೆ ಪ್ರೀತಿ ಬರ್ತಿಲ್ಲ. ನಾಟಕ ಮಾಡಿ ಸಾಕಾಯ್ತು."

ಮದರ್ ಬುದ್ಧಿ ಹೇಳಲಿಲ್ಲ. ಅವರು ಹಾಗೆ ಹೇಳುವವರಲ್ಲ. "ಬಿಡುವುದಾದರೆ ಬಿಡು. ಆದರೆ ನಾಳೆ ಹೋಗಿ ಅವರಿಗೇ ಹೇಳಿ ಬಾ. ಸೊಸೆಗಲ್ಲ, ಅಜ್ಜಿಗೆ. ಮಾತು ಹೋದವರಿಗೆ ಕಿವಿ ಇರ್ತದೆ," ಎಂದು ಸೆರಗಿನಿಂದ ಗರಿಯ ಚೂರು ಕೊಡವಿಕೊಂಡು ಎದ್ದರು.

ಬುಧವಾರ ಬೆಳಿಗ್ಗೆ ಪೂಜೆಯಲ್ಲಿ ಫಾದರು ಹೆಬ್ಬೆರಳನ್ನು ಬೂದಿಯಲ್ಲಿ ಅದ್ದಿ ಲೂರ್ದುವಿನ ಹಣೆಗೆ ಶಿಲುಬೆ ಎಳೆದು, ಮಣ್ಣಾದವಳು ಮಣ್ಣಿಗೇ ಸೇರುವುದನ್ನು ನೆನಪಿಸಿದರು. ತಾನೇ ಸುಟ್ಟು ಸೋಸಿದ ಬೂದಿ. ಉಪವಾಸದ ದಿನ, ಹೊಟ್ಟೆಗೆ ಕಾಫಿಯೂ ಇಲ್ಲ. ಸ್ಕೂಟಿ ಹತ್ತಿ ಹೊರಟಳು. ರಸ್ತೆಯ ಎರಡೂ ಕಡೆ ಅರಿಶಿನ ಬೇಯಿಸುವ ಒಲೆಗಳ ಹೊಗೆ, ಎದುರಿನಿಂದ ತರಕಾರಿ ಲಾರಿಗಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು: ಅಜ್ಜಿ, ನಾಳೆಯಿಂದ ನಾನು ಬರುವುದಿಲ್ಲ, ನನ್ನಿಂದ ನಿಮಗೆ ತೊಂದರೆಯಾಗಿದ್ದರೆ ಮನ್ನಿಸಿ. ಮನ್ನಿಸಿ ಎನ್ನುವಲ್ಲಿಗೆ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಜೋಡಿಸತೊಡಗಿದಳು. ಮನ್ನಿಸಬೇಕಾದವಳು ತಾನಲ್ಲವೆ?

ಶಿವರಂಜಿನಿಯ ರಜೆ ಮುಗಿದಿತ್ತು. ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಮಾದಮ್ಮ ಆ ದಿನ ಕೂಲಿ ಬಿಟ್ಟು ಎದುರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. "ಬಂದ್ರಾ ಸಿಸ್ಟರೇ! ಬರಾದಿಲ್ಲ ಅಂತ ಶಿವರಂಜಿನಿ ಅಂದ್ಲಲ್ಲಾ. ನೀವೇ ನೋಡ್ಕತೀರಾ? ಅಂಗಾರೆ ನಾ ಒಂದ್ ಗಳ್ಗೆ ಅಂಗ್ಡಿಗೋಗ್ ಬತ್ತೀನಿ," ಎಂದು ಮೊರ ಕೆಳಗಿಟ್ಟು ಹೋದಳು.

ಲೂರ್ದು ಚೌಕಟ್ಟಿಗೆ ಕೈ ಇಡಲಿಲ್ಲ.

ಹೇಳಿ ಹೋಗಲು ಬಂದವಳು, ಹಾಸಿಗೆ ಒದ್ದೆಯಾಗಿದ್ದನ್ನು ಕಂಡ ಮೇಲೆ ಕೈ ಸುಮ್ಮನಿರಲಿಲ್ಲ. ನೀರು ಕಾಯಿಸಿದಳು. ಎಂದಿನ ಹಾಗೆ ಮುಖದಿಂದ ಶುರು ಮಾಡಿ, ಹಣೆ, ಕೆನ್ನೆ, ಕುತ್ತಿಗೆ, ಕಂಕುಳು, ಒಂದೂ ಬಿಡದೆ ತಿಕ್ಕಿ ಒರೆಸಿದಳು. ಸೀರೆ ಬದಲಿಸಿದಳು. ಗಂಜಿಯ ಬಟ್ಟಲು ತಂದಳು. ಚಮಚ ತುಟಿಗೆ ತಾಗಿತು. ಗುರುಮಲ್ಲಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ಆಗಲಿ. ಲೂರ್ದು ಬಟ್ಟಲು ಕೆಳಗಿಟ್ಟು, ಹೇಳಬೇಕಾದ್ದನ್ನು ಹೇಳಿಬಿಡೋಣವೆಂದು ಅಜ್ಜಿಯ ಮುಖದ ಹತ್ತಿರಕ್ಕೆ ಬಗ್ಗಿದಳು. "ಅಜ್ಜಿ, ಇಲ್ನೋಡಿ. ನಾನು..."

ಗುರುಮಲ್ಲಮ್ಮ ಈ ಕಡೆಗೆ ಹೊರಳಿದಳು. ಕಣ್ಣು ಲೂರ್ದುವಿನ ಹಣೆಯ ಮೇಲೆ ನಿಂತಿತು, ಅಲ್ಲಿಯೇ ನಿಂತಿತು. ಎಡಗೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದುಕೊಂಡು ಲೂರ್ದು ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಒರಟು ಬೆರಳೊಂದು ಅವಳ ಹಣೆಯನ್ನು ಮುಟ್ಟಿ, ಸವರಿ, ಹಿಂದಕ್ಕೆ ಹೋಯಿತು. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ಬೂದಿ ಹತ್ತಿದ ಆ ಬೆರಳನ್ನು ತನ್ನ ಹಣೆಗೆ ಒಯ್ದು ಅಡ್ಡಡ್ಡವಾಗಿ ಎಳೆದುಕೊಳ್ಳುತ್ತಿದ್ದಳು. ಎಡಗೈ, ಅಭ್ಯಾಸವಿಲ್ಲದ ಕೈ. ಗೆರೆ ಸೊಟ್ಟಗಾಗಿ ಹುಬ್ಬಿನ ಮೇಲೆ ಹೋಯಿತು. ಮತ್ತೆ ಎಳೆದಳು, ಮತ್ತೆ ಸೊಟ್ಟ. ಆಮೇಲೆ ಎಂದಿನ ಹಾಗೆ ಕೈ ಚಾಚಿ ಬಾಗಿಲನ್ನು ತೋರಿಸಿದಳು.

ಲೂರ್ದು ಆ ಬೆರಳಿನ ಗುರಿಯನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಅದು ಬಾಗಿಲಿನ ಕಡೆಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಶಿವನ ಸಣ್ಣ ಪಟ, ಆರಿದ ದೀಪ, ಒಂದು ಸ್ಟೀಲ್ ಡಬ್ಬಿ. ಎದ್ದು ಹೋಗಿ ಮುಚ್ಚಳ ತೆಗೆದಳು. ಒಳಗೆ ಸವೆದ ವಿಭೂತಿ ಗಟ್ಟಿ.

ಹನ್ನೊಂದು ವಾರ, ವಾರಕ್ಕೆ ಮೂರು ಸಲ, ಸೊಸೆ ಬೆಳಿಗ್ಗೆ ಹಚ್ಚಿಹೋಗಿದ್ದ ವಿಭೂತಿಯನ್ನು ತಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದ್ದಳು. ಬೇರೆ ಮನೆಗಳಲ್ಲಿ ಸ್ನಾನವಾದ ಮೇಲೆ ಮನೆಯವರೇ ಯಾರಾದರೂ ಬಂದು ವಿಭೂತಿಯೋ ಕುಂಕುಮವೋ ಇಟ್ಟು ಹೋಗುತ್ತಿದ್ದರು, ಆ ಹೊತ್ತಿಗೆ ಲೂರ್ದು ಕೈ ತೊಳೆಯುತ್ತಿದ್ದಳು. ಇಲ್ಲಿ ಇಡುವವರು ಯಾರಿದ್ದರು? ಮಾದಮ್ಮ ಬರೀ ಉಣಿಸಿ ಹೋಗುವವಳು, ಹಣೆ ಒರೆಸುವವಳಲ್ಲ. ಅವಳ ಪಾಲಿಗೆ ಬೂದಿ ಎಂದರೆ ವರ್ಷಕ್ಕೊಮ್ಮೆ ಫಾದರು ಹಚ್ಚುವುದು, ತಾನಾಗಿ ಅಳಿದು ಹೋಗುವುದು. ಅಳಿದದ್ದನ್ನು ಮತ್ತೆ ಹಚ್ಚಬೇಕು, ಹಚ್ಚದೆ ತುತ್ತು ಎತ್ತಬಾರದು ಎನ್ನುವವರ ಹೊಟ್ಟೆಯ ಸಂಗತಿ ಅವಳಿಗೆ ಹೊಳೆದೇ ಇರಲಿಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಬರಿಹಣೆಯಲ್ಲಿ ಊಟಕ್ಕೆ ಕೂರದ ಎಷ್ಟು ಮುದುಕಿಯರನ್ನು ಕಂಡಿರಲಿಲ್ಲ! ಕಂಡಿದ್ದಳು. ಈ ಮನೆಗೆ ಬಂದಾಗ ಮಾತ್ರ ಅವಳ ಕಣ್ಣು ಲೋಟದ ಮೇಲಿತ್ತು.

ಮೊದಲು ಅಜ್ಜಿಯ ಹಣೆಯ ಮೇಲಿನ ಕರಿ ಬೂದಿಯನ್ನು ಒರೆಸಿದಳು. ಯಾರಾದರೂ ಈಗ ಒಳಗೆ ಬಂದು ನೋಡಿದರೆ, ಸಿಸ್ಟರು ಮುದುಕಿಗೆ ಮತಾಂತರ ಮಾಡುತ್ತಿದ್ದಾರೆ ಎಂದು ಊರೆಲ್ಲ ಗುಲ್ಲಾಗುವುದು ಖಂಡಿತ. ಆ ಭಯ ಬಂತು, ಹೋಯಿತು. ಫಾದರು ಏನೆನ್ನುತ್ತಾರೋ ಎನ್ನುವುದೂ ಬಂತು, ಅದೂ ಹೋಯಿತು. ಗಟ್ಟಿಯ ಮೇಲೆ ನೀರು ಚಿಮುಕಿಸಿ ಮೂರು ಬೆರಳಿಗೆ ಬಳಿದುಕೊಂಡಳು. ಹಿಂದೆಂದೂ ಮಾಡಿದ ಕೆಲಸವಲ್ಲ. ಗುರುಮಲ್ಲಮ್ಮ ಕಣ್ಣು ಮುಚ್ಚಿ ಮುಖವನ್ನು ಮೇಲೆತ್ತಿ ಕೊಟ್ಟಳು. ಹನ್ನೊಂದು ವಾರದಲ್ಲಿ ಆ ಮುಖ ಒಮ್ಮೆಯೂ ಹಾಗೆ ತನ್ನ ಕಡೆಗೆ ಬಂದಿರಲಿಲ್ಲ. ಮೂರು ಬಿಳಿ ಗೆರೆ ಬಿದ್ದವು. ಒಂದು ಸ್ವಲ್ಪ ಮೇಲಾಯಿತು.

ಅಜ್ಜಿಯ ತುಟಿಗಳು ಮಂತ್ರ ಹೇಳುವಂತೆ ಅಲುಗಿದವು. ಅದು ಮುಗಿಯುವವರೆಗೆ ಲೂರ್ದು ಬಟ್ಟಲು ಹಿಡಿದು ಕಾದಳು. ಆಮೇಲೆ ಚಮಚ ತುಟಿಗೆ ತಾಗಿತು, ಬಾಯಿ ತೆರೆಯಿತು.

ಗಂಜಿ ಆರಿಹೋಗಿತ್ತು. ಗುರುಮಲ್ಲಮ್ಮ ಪೂರ್ತಿ ಬಟ್ಟಲು ಉಂಡಳು, ಬಲಗಡೆಯ ತುಟಿಯಂಚಿನಿಂದ ಇಳಿದದ್ದನ್ನು ಲೂರ್ದು ಒರೆಸುತ್ತಿದ್ದಳು. ಒರೆಸುವ ಕೈಗೂ ಅವಳದೇ ಕಣ್ಣ ನೀರಿಗೂ ಬಿಡುವಿರಲಿಲ್ಲ. ಯೇಸುಸ್ವಾಮಿ, ಯೇಸುಸ್ವಾಮಿ ಎಂದು ಹೇಳಿಕೊಂಡು ಬಂದು ಬಂದು, ಮಂಚದ ಮೇಲೆ ಇದ್ದವಳು ಯಾರೆಂದೇ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಉಗುರು ಕತ್ತರಿಸಿದ ಆ ಸಿಸ್ಟರು ತನ್ನ ಅಜ್ಜಿಯನ್ನು ಮಾತಾಡಿಸಿದ್ದರು. ತಾನು ಈ ಹೆಂಗಸನ್ನು ಏನು ಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ.

ಆ ದಿನ ಅವಳು ಅಲ್ಲಿಂದ ಓಡಲಿಲ್ಲ. ಮದರಿಗೆ ಫೋನು ಮಾಡಿ ತಡವಾಗುತ್ತದೆ ಎಂದು ಹೇಳಿ, ಶಿವರಂಜಿನಿ ಬರುವವರೆಗೆ ಕೂತಳು. ಸುಲಭವಾಗಿರಲಿಲ್ಲ. ಹತ್ತು ಸಲ ಎದ್ದಳು, ಹತ್ತು ಸಲ ಕೂತಳು. ಹಸಿವಿಗೆ ಹೊಟ್ಟೆ ಚುರುಗುಟ್ಟಿತು. ಅಜ್ಜಿ ನಿದ್ದೆ ಹೋದಳು. ಗೋಡೆಯ ಮೇಲೆ ಒಂದು ಫೋಟೋ ಇದ್ದದ್ದು ಆಗ ಕಂಡಿತು. ಮೂವತ್ತರ ಗುರುಮಲ್ಲಮ್ಮ, ಹಣೆತುಂಬ ವಿಭೂತಿ, ತೋಳಿನಲ್ಲಿ ಕೂಸು, ಯಾರೋ ನಗಿಸಿದಾಗ ತೆಗೆದದ್ದು.

ನಾಲ್ಕೂವರೆಗೆ ಶಿವರಂಜಿನಿ ಬಂದು, ಸ್ಕೂಟಿ ನೋಡಿ ಗಾಬರಿಯಿಂದಲೇ ಒಳಗೆ ಬಂದಳು. ಖಾಲಿ ಬಟ್ಟಲು ನೋಡಿದಳು. ಅತ್ತೆಯ ಹಣೆ ನೋಡಿದಳು. ಹೆಗಲಿನ ಬ್ಯಾಗು ಇಳಿಸಲೂ ಮರೆತಳು.

"ಯಾರು ಇಕ್ಕುದ್ದು ಈಬೂತಿಯ?"

"ನಾನೇ." ಲೂರ್ದು ಎದ್ದು ನಿಂತಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿರಲಿಲ್ಲ. "ಶಿವರಂಜಿನಿ, ಇಷ್ಟು ದಿನ ನಾನೇ ಅದನ್ನ ಒರೆಸಿ ಹಾಕ್ತಿದ್ದೆ. ಮತ್ತೆ ಹಚ್ಚಬೇಕು ಅಂತ ನಂಗೆ ಹೊಳೀಲೇ ಇಲ್ಲ. ಅಜ್ಜಿ ಉಪವಾಸ ಬಿದ್ದಿದ್ದು ನನ್ನಿಂದ. ಆಸ್ಪತ್ರೆಗೆ ಹೋಗಿದ್ದೂ ನನ್ನಿಂದ. ಮನ್ನಿಸು."

ಶಿವರಂಜಿನಿ ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ನೀವು ಬೇಕೂಂತ್ಲೇ ಒರುಸ್ತಿದ್ದೀರಿ ಅನ್ಕಂಡಿದ್ದೋ ಸಿಸ್ಟರೇ. ನಿಮ್ ಧರ್ಮದಲ್ಲಿ ಈಬೂತಿ ಆಗಾದಿಲ್ವೇನೋ, ಅದ್ಕೆ ಬಂದೇಟ್ಗೆ ಒರ್ಸಾಕ್ತಾರೆ ಅಂತ. ಅತ್ತೆ ಈಬೂತಿ ಇಲ್ದೆ ತೊಟ್ಟು ನೀರೂ ಮುಟ್ಟಾದಿಲ್ಲ, ನಂಗೆ ಗೊತ್ತಿತ್ತು. ಏಳ್ಬುಡನ ಅಂದೆ. ನಮ್ಮನೆಯೋರು, ಸುಮ್ಕಿರು, ಏಳುದ್ರೆ ಬೇಜಾರ್ ಮಾಡ್ಕಂಡು ಬರಾದ್ನೇ ಬುಟ್ಬುಡ್ತಾರೆ ಅಂದ್ರು. ಎತ್ತವ್ವ ಮಾಡ್ದಂಗೆ ಮಾಡೋರು, ನಮ್ನ ಕಂಡ್ರೆ ಅಸಡ್ಡೆ ಇದ್ರೂ ಓಗ್ಲಿ ಬುಡು ಅಂತ ಸಯಿಸ್ಕಂಡೋ."

ಸಯಿಸ್ಕಂಡೋ. ಕಾನ್ವೆಂಟಿನ ಮೇಜಿನ ಮೇಲೆ ಆತ್ಮಶೋಧನೆಯ ಪುಸ್ತಕವಿತ್ತು, ಅದರಲ್ಲಿ ಹನ್ನೊಂದು ವಾರದ 'ಸಹಿಸಿದೆ'ಗಳಿದ್ದವು. ಲೂರ್ದು ಮಂಚದ ಅಂಚಿನಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದೊಡ್ಡ ಹೆಂಗಸು ಹಾಗೆ ಅಳುವುದನ್ನು ಕಂಡು ಶಿವರಂಜಿನಿ ಏನು ಮಾಡಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಗದ್ದಲಕ್ಕೆ ಅಜ್ಜಿಗೆ ಎಚ್ಚರವಾಯಿತು. ಎಡಗೈಯನ್ನು ಅತ್ತ ಇತ್ತ ಆಡಿಸಿ, ಪಕ್ಕದಲ್ಲಿ ಕೂತವಳ ಸೀರೆಯ ಸೆರಗು ಸಿಕ್ಕ ಮೇಲೆ ಹಿಡಿದುಕೊಂಡಳು. ಬಿಡಲಿಲ್ಲ. ಹಾಗಾಗಿ ಶಿವರಂಜಿನಿ ಕಾಫಿ ತಂದುಕೊಟ್ಟಾಗ ಲೂರ್ದು ಅದನ್ನು ಕೂತೇ ಕುಡಿಯಬೇಕಾಯಿತು. ಆ ದಿನ ಸಂಜೆಯವರೆಗೆ ಏನೂ ಬಾಯಿಗೆ ಹಾಕುವುದಿಲ್ಲ ಎಂದುಕೊಂಡಿದ್ದಳು, ಅದು ಮುರಿಯಿತು. ಯಾವ ಲೋಟ ಎಂದು ನೋಡಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಸ್ಕೂಟಿ ಮತ್ತೆ ಅದೇ ಬೀದಿಗೆ ಬಂತು. ಶಿವರಂಜಿನಿ ಅಂಗನವಾಡಿಗೆ ಹೋಗಿದ್ದಳು, ಮಾದಮ್ಮ ಅರಿಶಿನಕ್ಕೆ ಹೋಗಿದ್ದಳು. ಲೂರ್ದು ಚಿಲಕ ತೆಗೆದು, ಚೌಕಟ್ಟಿಗೆ ಬಲಗೈ ಇಟ್ಟಳು. ಇಪ್ಪತ್ತನಾಲ್ಕು ವರ್ಷದ ಮಾತು ತಾನಾಗಿಯೇ ಬಂತು, ಪೂರ್ತಿ ಬಂತು. ಆದರೂ ಒಳಗೆ ನುಗ್ಗಲಿಲ್ಲ.

"ಗುರುಮಲ್ಲಮ್ಮಾ, ನಾನು ಲೂರ್ದು," ಎಂದು ಕೂಗಿದಳು. "ಒಳಕ್ಕೆ ಬರ್ಲಾ?"

ಉತ್ತರ ಬರುವುದು ತಡವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿ ಸ್ಕೂಟಿಯ ಕೀಲಿಯನ್ನು ತಿರುಗಿಸುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಆ ಗಂಟಲಿನ ಸದ್ದು ಕೇಳುವವರೆಗೆ ಹೊಸಿಲಿನ ಹೊರಗೆ ಕಾದಳು.